ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತದೆ?

ದಾವಣಗೆರೆ ಕಡೆಯ ನಮ್ಮೂರಿನಲ್ಲಿ ಚಿಕ್ಕಪ್ಪ ಜವಾರಿ ಕೋಳಿ ಸಾಕುತ್ತಾರೆ. ಹೋದ ವರ್ಷ ಅವರಿಗೆ ನಾನು ಒಂದು ಕಾವು ಪೆಟ್ಟಿಗೆ ಮಾಡಿದೆ. ದೊಡ್ಡ ಥರ್ಮೋಕೋಲ್ ಡಬ್ಬಿ, ಒಳಗೆ 60 ವ್ಯಾಟಿನ ಹಳೇ ಕಾಲದ ಬಲ್ಬು, ಗಾಳಿ ತಿರುಗಿಸಲು ಕಂಪ್ಯೂಟರಿನ ಪುಟ್ಟ ಫ್ಯಾನು, ತೇವಕ್ಕೆ ಒಂದು ತಟ್ಟೆ ನೀರು, ಮೊಟ್ಟೆ ಇಡಲು ಜಾಲರಿ, ಉಸಿರಾಡಲು ಎರಡು ತೂತು. ಮೊಟ್ಟೆ ಒಡೆದು ಮರಿ ಬರಲು 21 ದಿನ ಬೇಕು. ಅಷ್ಟೂ ದಿನ ಒಳಗೆ 37.5 ಡಿಗ್ರಿಯ ಆಸುಪಾಸು ಇರಬೇಕು. ಸ್ವಲ್ಪ ಹೊತ್ತಿನ ತಂಪನ್ನು ಒಳಗಿನ ಮರಿ ತಡೆದುಕೊಳ್ಳುತ್ತದೆ, ಬಿಸಿಯನ್ನು ತಡೆದುಕೊಳ್ಳುವುದಿಲ್ಲ.

ಡಬ್ಬಿಯ ಫೋಟೋ ಕಳಿಸಿದಾಗ ಚಿಕ್ಕಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಎಲ್ಲಾ ಚಲೋ ಐತಿ. ಆದ್ರ ಕರೆಂಟ್ ಹೋದ್ರ ಇದು ಎಷ್ಟೊತ್ತು ತಡಿತೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಒಂದು ಪ್ರಶ್ನೆಯ ಹಿಂದೆ ಹೋದ ಎರಡು ತಿಂಗಳ ಕಥೆ.

ಲೆಕ್ಕ ಹಾಕಿ ಹೇಳಬಹುದಲ್ವಾ ಅಂತ ಅನಿಸುತ್ತದೆ. ನಾನೂ ಮೊದಲು ಹಾಳೆ ತೆಗೆದುಕೊಂಡು ಕೂತೆ. ಥರ್ಮೋಕೋಲಿನ ದಪ್ಪ ಗೊತ್ತು, ಅದರ ಮೂಲಕ ಶಾಖ ಎಷ್ಟು ಸೋರುತ್ತದೆ ಅಂತಲೂ ಗೊತ್ತು. ಆದರೆ ಮುಚ್ಚಳದ ಸಂದಿಯಲ್ಲಿ ಎಷ್ಟು ಗಾಳಿ ಹೋಗುತ್ತದೆ? ತೂತುಗಳಲ್ಲಿ? ತಟ್ಟೆಯ ನೀರು ಆವಿಯಾಗುತ್ತಾ ಎಷ್ಟು ಶಾಖ ಎಳೆದುಕೊಳ್ಳುತ್ತದೆ? ಒಂದೊಂದನ್ನೂ ಊಹಿಸುತ್ತಾ ಹೋದರೆ ಕೊನೆಗೆ ಸಿಗುವುದು ಊಹೆಗಳ ಮೊತ್ತ. ಇನ್ನೊಂದು ದಾರಿ ಇದೆ. ಪೆಟ್ಟಿಗೆಯನ್ನೇ ಕೇಳುವುದು. ಬಲ್ಬನ್ನು ಹಚ್ಚಿ ಆರಿಸಿ, ಉಷ್ಣತೆ ಹೇಗೆ ಏರುತ್ತದೆ ಇಳಿಯುತ್ತದೆ ಅಂತ ಅಳೆದು, ಆ ಅಂಕಿಗಳಿಂದಲೇ ಪೆಟ್ಟಿಗೆಯ ಸಮೀಕರಣ ಕಂಡುಹಿಡಿಯುವುದು. ಇದಕ್ಕೆ ಸಿಸ್ಟಮ್ ಐಡೆಂಟಿಫಿಕೇಶನ್ ಅನ್ನುತ್ತಾರೆ. ಐಡೆಂಟಿಫಿಕೇಶನ್ ಅನ್ನುವ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಅಮೆರಿಕದಲ್ಲಿದ್ದ ಎಂಜಿನಿಯರ್ ಲಾಟ್ಫಿ ಝಾಡೆ, 1956ರಲ್ಲಿ. ಹೌದು-ಇಲ್ಲಗಳ ನಡುವಿನ ಮಟ್ಟಗಳನ್ನೂ ಲೆಕ್ಕಕ್ಕೆ ತರುವ ಫಜಿ ಲಾಜಿಕ್ ಅನ್ನು ಮುಂದೆ ತಂದವರೂ ಅವರೇ.

ನಾನು ಇದನ್ನು ಕಲಿತದ್ದು ಒಂದು ಹೇರ್ ಡ್ರೈಯರ್ ಡೇಟಾದಿಂದ. ಮ್ಯಾಟ್‌ಲ್ಯಾಬ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಳಸಿದವರಿಗೆ ಅದು ಗೊತ್ತಿರುತ್ತದೆ. ಕೊಳವೆಯಲ್ಲಿ ಫ್ಯಾನು ಗಾಳಿ ಊದುತ್ತದೆ, ಬಾಯಲ್ಲಿ ಬಿಸಿ ತಂತಿ, ಆಚೆ ತುದಿಯಲ್ಲಿ ಉಷ್ಣತೆ ಅಳೆಯುತ್ತಾರೆ. 0.08 ಸೆಕೆಂಡಿಗೊಂದರಂತೆ 1000 ಅಳತೆ. ಒಟ್ಟು 80 ಸೆಕೆಂಡಿನ ಡೇಟಾ, ಅದರಲ್ಲಿ ಒಂದು ಒಳ್ಳೆಯ ಮಾಡೆಲ್, ಅಂದರೆ ಸಮೀಕರಣ, ಸಿಕ್ಕಿಬಿಡುತ್ತದೆ. ಅದನ್ನು ಮಾಡಿದ್ದ ನನಗೆ ಈ ವಿಷಯ ಗೊತ್ತು ಅನ್ನುವ ಧೈರ್ಯ ಇತ್ತು. ಆ ಡೇಟಾ ಅಷ್ಟು ಚೆನ್ನಾಗಿರುವುದಕ್ಕೆ ಯಾರೋ ಕೂತು ಯೋಚಿಸಿ ಪ್ರಯೋಗ ಮಾಡಿದ್ದೇ ಕಾರಣ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ಮೊದಲ ತಪ್ಪು ಅಲ್ಲೇ ಆಯಿತು.

ಪೆಟ್ಟಿಗೆಗೆ ಆಗಲೇ ಒಂದು ಅಗ್ಗದ ಥರ್ಮೋಸ್ಟ್ಯಾಟ್ ಹಾಕಿದ್ದೆ. 37.2ಕ್ಕೆ ಇಳಿದರೆ ಬಲ್ಬ್ ಹೊತ್ತುತ್ತದೆ, 37.8ಕ್ಕೆ ಏರಿದರೆ ಆರುತ್ತದೆ. ಬೆಂಗಳೂರಿನ ನಮ್ಮ ಮನೆಯ ಅಟ್ಟದ ಕೆಳಗೆ ಖಾಲಿ ಪೆಟ್ಟಿಗೆ ಇಟ್ಟು ಮೂರು ದಿನ ಓಡಿಸಿದ್ದೆ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆಯನ್ನೂ ಬಲ್ಬಿನ ಸ್ಥಿತಿಯನ್ನೂ ಬರೆದಿಟ್ಟಿತ್ತು. ಎಂಟು ಸಾವಿರಕ್ಕೂ ಜಾಸ್ತಿ ಸಾಲು ಡೇಟಾ! ಹೇರ್ ಡ್ರೈಯರಿನ 1000ಕ್ಕೆ ಹೋಲಿಸಿದರೆ ಎಂಟು ಪಟ್ಟು. ಖುಷಿಯಿಂದ ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಹಾಕಿದೆ. ಬಂದ ಮಾಡೆಲ್ ಪ್ರಕಾರ ಕೋಣೆ ತಣ್ಣಗಿದ್ದರೂ ಬೆಚ್ಚಗಿದ್ದರೂ ಪೆಟ್ಟಿಗೆಗೆ ವ್ಯತ್ಯಾಸವೇ ಇಲ್ಲ, ಬಲ್ಬನ್ನು ಜಾಸ್ತಿ ಹೊತ್ತು ಉರಿಸಿದರೂ ಏನೂ ಆಗುವುದಿಲ್ಲ.

ಯಾಕೆ ಹಾಗಾಯಿತು ಅಂತ ಅರ್ಥವಾಗಲು ಎರಡು ದಿನ ಹಿಡಿಯಿತು, ಅರ್ಥವಾದ ಮೇಲೆ ಮಾತ್ರ ಇದು ಎಲ್ಲ ಕಡೆ ಕಾಣಿಸತೊಡಗಿತು. ರಾತ್ರಿ ಕೋಣೆ ತಣ್ಣಗಾದಾಗ ಥರ್ಮೋಸ್ಟ್ಯಾಟ್ ಬಲ್ಬನ್ನು ಜಾಸ್ತಿ ಉರಿಸುತ್ತದೆ. ಮಧ್ಯಾಹ್ನ ಕಡಿಮೆ ಉರಿಸುತ್ತದೆ. ಎರಡೂ ಹೊತ್ತಿನಲ್ಲಿ ಒಳಗಿನ ಉಷ್ಣತೆ ಒಂದೇ. ಡೇಟಾ ಮಾತ್ರ ನೋಡುವವನಿಗೆ ಏನು ಕಾಣುತ್ತದೆ? ಬಲ್ಬ್ ಎಷ್ಟು ಉರಿದರೂ ಉಷ್ಣತೆ ಬದಲಾಗುವುದಿಲ್ಲ ಅಂತ. ಥರ್ಮೋಸ್ಟ್ಯಾಟ್ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಪೆಟ್ಟಿಗೆಯ ಸ್ವಭಾವ ಡೇಟಾದಿಂದ ಮರೆಯಾಗುತ್ತದೆ. ಹೀಗೆ ಫಲಿತಾಂಶ ನೋಡಿಕೊಂಡು ತಿದ್ದುವ ಫೀಡ್‌ಬ್ಯಾಕ್ ಇರುವ ಕಡೆ ಸುಮ್ನೆ ಡೇಟಾ ಬಾಚಿಕೊಂಡರೆ, ಕೆಲವೊಮ್ಮೆ ನಮಗೆ ಸಿಗುವುದು ವ್ಯವಸ್ಥೆಯ ಮಾಡೆಲ್ಲೇ ಅಲ್ಲ, ಅದನ್ನು ಹಿಡಿದಿಟ್ಟಿರುವ ಕಂಟ್ರೋಲರನ್ನು, ಇಲ್ಲಿ ಥರ್ಮೋಸ್ಟ್ಯಾಟನ್ನು, ತಲೆಕೆಳಗು ಮಾಡಿದ ರೂಪ.

ಪೂರ್ತಿ ಕುರುಡೇನೂ ಅಲ್ಲ. ಬಲ್ಬ್ ಸುಮಾರು ಏಳು ನಿಮಿಷಕ್ಕೊಂದು ಸುತ್ತು ಹೊತ್ತಿ ಆರುತ್ತಿತ್ತು, ಉಷ್ಣತೆಯೂ ಅದೇ ಲಯದಲ್ಲಿ ಮೇಲೆ ಕೆಳಗೆ ಆಗುತ್ತಿತ್ತು. ಅಂದರೆ ಏಳು ನಿಮಿಷದ ಲಯಕ್ಕೆ ಪೆಟ್ಟಿಗೆ ಹೇಗೆ ಸ್ಪಂದಿಸುತ್ತದೆ ಅಂತ ಆ ಡೇಟಾದಲ್ಲಿ ಇದೆ. ಆದರೆ ಅದು ಒಂದೇ ಸ್ವರ. ಒಂದು ಸ್ವರ ಕೇಳಿ ರಾಗ ಹೇಳಲು ಆಗುವುದಿಲ್ಲ. ಸ್ವೀಡನ್ನಿನ ಕಾರ್ಲ್ ಯೋಹಾನ್ ಓಸ್ಟ್ರೋಮ್ ಮತ್ತು ಟೋರೆ ಹೆಗ್ಲುಂಡ್ 1984ರಲ್ಲಿ ಈ ಒಂದೇ ಸ್ವರದಿಂದ ಕಂಟ್ರೋಲರನ್ನು ಟ್ಯೂನ್ ಮಾಡುವ ದಾರಿ ತೋರಿಸಿದರು. ಕಾರ್ಖಾನೆಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಆದರೆ ಚಿಕ್ಕಪ್ಪನ ಪ್ರಶ್ನೆ ಅರ್ಧ ಗಂಟೆ, ಒಂದು ಗಂಟೆಯ ಲಯದ್ದು. ಏಳು ನಿಮಿಷದ ಸ್ವರದಲ್ಲಿ ಅದಕ್ಕೆ ಉತ್ತರ ಇಲ್ಲ.

ಇಷ್ಟು ತಿಳಿದ ಮೇಲೆ ಥರ್ಮೋಸ್ಟ್ಯಾಟ್ ಕಿತ್ತೆ. ಬಲ್ಬನ್ನು ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು ಅಂತ ಮೊದಲೇ ಬರೆದಿಟ್ಟ ಪಟ್ಟಿ ಹೇಳಬೇಕು, ಉಷ್ಣತೆಗೂ ಅದಕ್ಕೂ ಸಂಬಂಧ ಇರಬಾರದು. ಈ ಪಟ್ಟಿ ಎಂಥದು ಅನ್ನುವುದರಲ್ಲೇ ಪ್ರಯೋಗದ ಅರ್ಧ ಭಾಗ್ಯ ಇದೆ ಅಂತ ನನ್ನ ಅಭಿಪ್ರಾಯ. ಒಮ್ಮೆ ಹಚ್ಚಿ ಸುಮ್ಮನೆ ನೋಡಬಹುದು, ಅದು ನಿಧಾನದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ, ವೇಗದ್ದನ್ನು ಅಷ್ಟು ತೋರಿಸುವುದಿಲ್ಲ. ಪಟಪಟ ಹಚ್ಚಿ ಆರಿಸಿದರೆ ತಿರುವುಮುರುವು. ನಮಗೆ ಬೇಕಿರುವುದು ಎಲ್ಲ ವೇಗವೂ ಬೆರೆತ ಪಟ್ಟಿ. ಅದಕ್ಕೆ ಹಳೆಯ, ತುಂಬ ಸುಂದರವಾದ ಒಂದು ಉಪಾಯ ಇದೆ. ಏಳು ಮನೆಗಳ ಒಂದು ಸಾಲು, ಪ್ರತಿ ಮನೆಯಲ್ಲೂ ಸೊನ್ನೆ ಅಥವಾ ಒಂದು. ಪ್ರತಿ ಹೆಜ್ಜೆಗೂ ಎಲ್ಲರೂ ಒಂದು ಮನೆ ಮುಂದೆ ಸರಿಯುತ್ತಾರೆ, ಖಾಲಿಯಾದ ಮೊದಲ ಮನೆಗೆ ಹಿಂದಿನ ಎರಡು ಮನೆಗಳನ್ನು ಹೋಲಿಸಿ ಬಂದ ಅಂಕಿ ಕೂರುತ್ತದೆ, ಎರಡೂ ಒಂದೇ ಆಗಿದ್ದರೆ ಸೊನ್ನೆ, ಬೇರೆ ಆಗಿದ್ದರೆ ಒಂದು. ಎರಡು ಮನೆಗಳನ್ನು ಸರಿಯಾಗಿ ಆರಿಸಿಕೊಂಡರೆ 127 ಹೆಜ್ಜೆಗಳವರೆಗೆ ಈ ಸಾಲು ಮರುಕಳಿಸುವುದಿಲ್ಲ. ಅದರಲ್ಲಿ 64 ಒಂದು, 63 ಸೊನ್ನೆ. ನೋಡಲು ನಾಣ್ಯ ಚಿಮ್ಮಿದ ಹಾಗೆ, ಆದರೆ ಬೇಕೆಂದಾಗ ಅದನ್ನೇ ಮತ್ತೆ ಓಡಿಸಬಹುದು. ಇದಕ್ಕೆ ಪಿಆರ್‌ಬಿಎಸ್ (ಸ್ಯೂಡೋ ರ‍್ಯಾಂಡಮ್ ಬೈನರಿ ಸೀಕ್ವೆನ್ಸ್) ಅನ್ನುತ್ತಾರೆ.

ಒಂದು ಹೆಜ್ಜೆಗೆ ಮೂರು ನಿಮಿಷ ಕೊಟ್ಟೆ. 127 ಹೆಜ್ಜೆಗೆ ಆರು ಗಂಟೆ ಇಪ್ಪತ್ತೊಂದು ನಿಮಿಷ, 762 ಅಳತೆ. ಒಮ್ಮೊಮ್ಮೆ ಮೂರೇ ನಿಮಿಷಕ್ಕೆ ಬಲ್ಬ್ ಬದಲಾಗುತ್ತದೆ, ಒಂದು ಕಡೆ ಸತತ 21 ನಿಮಿಷ ಉರಿಯುತ್ತದೆ. ಒಟ್ಟಾರೆ ಅರ್ಧ ಹೊತ್ತು ಉರಿಯುವುದರಿಂದ ಸರಾಸರಿ ಉಷ್ಣತೆ 37ರ ಹತ್ತಿರವೇ ನಿಲ್ಲುತ್ತದೆ. ಇದೂ ಮುಖ್ಯ. ನಾವು ಬಳಸುವ ಜಾಗದಲ್ಲೇ ಕೇಳಬೇಕು, 60 ಡಿಗ್ರಿಯಲ್ಲಿ ಪೆಟ್ಟಿಗೆ ಹೇಗಿರುತ್ತದೆ ಅಂತ ತಿಳಿದು ನಮಗೇನು.

ವಿಮಾನದವರಿಗೂ ಇದೇ ಚಿಂತೆ. ಹಾರುತ್ತಿರುವ ವಿಮಾನದ ಸಮೀಕರಣ ಬೇಕಾದರೆ ಪೈಲಟ್ ಕೋಲನ್ನು ಒಂದು ಗೊತ್ತಾದ ಲಯದಲ್ಲಿ ಅಲ್ಲಾಡಿಸಬೇಕು. ಜರ್ಮನಿಯಲ್ಲಿ 1970ರ ದಶಕದಲ್ಲಿ ರೂಢಿಗೆ ಬಂದ ಒಂದು ಲಯದ ಹೆಸರು 3-2-1-1. ಮೂರು ಎಣಿಕೆ ಒಂದು ಕಡೆ, ಎರಡು ಎಣಿಕೆ ಇನ್ನೊಂದು ಕಡೆ, ಆಮೇಲೆ ಒಂದು, ಒಂದು. ಗಗನದಲ್ಲಿ ಆರು ಗಂಟೆ ಪಟ್ಟಿ ಓಡಿಸುತ್ತಾ ಕೂರಲು ಆಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ನಿಧಾನವೂ ವೇಗವೂ ಬೆರೆತ ಪ್ರಶ್ನೆ ಕೇಳಿಬಿಡಬೇಕು. ಹಳೇ ಮದ್ದಳೆಯನ್ನು ತಟ್ಟಿ ನೋಡುವವರು ಕೈಯನ್ನು ಬೇರೆ ಬೇರೆ ಕಡೆ, ಬೇರೆ ಬೇರೆ ಜೋರಿನಲ್ಲಿ ಇಡುತ್ತಾರಲ್ಲ, ಅದು ನೆನಪಾಗುತ್ತದೆ.

ಈಗ ಮಾಡೆಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಇದು ಹೆದರುವ ವಿಷಯವೇ ಅಲ್ಲ. ಪೆಟ್ಟಿಗೆಯ ಈಗಿನ ಉಷ್ಣತೆಯನ್ನು ಅರ್ಧ ನಿಮಿಷದ ಹಿಂದಿನ ಉಷ್ಣತೆ, ಒಂದು ನಿಮಿಷದ ಹಿಂದಿನ ಉಷ್ಣತೆ, ಅರ್ಧ ನಿಮಿಷದ ಹಿಂದೆ ಬಲ್ಬ್ ಉರಿಯುತ್ತಿತ್ತೋ ಇಲ್ಲವೋ, ಇಷ್ಟರಿಂದ ಹೇಳಬೇಕು. ಒಂದೊಂದಕ್ಕೂ ಒಂದೊಂದು ಗುಣಕ. ಗುಣಕಗಳು ಗೊತ್ತಿಲ್ಲ. 762 ಅಳತೆ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಸಮೀಕರಣ, ಬೇಕಿರುವುದು ಮೂರೋ ನಾಲ್ಕೋ ಗುಣಕ. ಎಲ್ಲವನ್ನೂ ಪೂರ್ತಿ ತೃಪ್ತಿಪಡಿಸಲು ಆಗುವುದಿಲ್ಲ, ಹಾಗಾಗಿ ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವ ಹಾಗೆ ಗುಣಕ ಆರಿಸುತ್ತೇವೆ. ಲೀಸ್ಟ್ ಸ್ಕ್ವೇರ್ಸ್. ಲೆಜಾಂಡ್ರ್ 1805ರಲ್ಲಿ, ಗಾಸ್ 1809ರಲ್ಲಿ ಪ್ರಕಟಿಸಿದ ಉಪಾಯ, ಧೂಮಕೇತು, ಗ್ರಹಗಳ ದಾರಿ ಹಿಡಿಯಲು ಹುಟ್ಟಿದ್ದು. ಪೈಥಾನಿನಲ್ಲಿ ಒಂದು ಸಾಲು.

ಆ ಒಂದು ಸಾಲು ಓಡಿಸಿದೆ. ಮುಂದಿನ ಅರ್ಧ ನಿಮಿಷದ ಉಷ್ಣತೆಯನ್ನು ಮಾಡೆಲ್ ಕೂದಲೆಳೆಯಷ್ಟು ಹತ್ತಿರ ಹೇಳುತ್ತಿತ್ತು. ಗ್ರಾಫಿನಲ್ಲಿ ಎರಡು ಗೆರೆ ಒಂದರ ಮೇಲೊಂದು ಕೂತಿದ್ದವು. ಆದರೆ ಅಳತೆಗಳನ್ನು ಮುಚ್ಚಿಟ್ಟು, ಮೊದಲ ಉಷ್ಣತೆ ಮಾತ್ರ ಕೊಟ್ಟು, ಮುಂದಿನ ಆರು ಗಂಟೆಯನ್ನು ಬಲ್ಬಿನ ಪಟ್ಟಿಯಿಂದಲೇ ಹೇಳು ಅಂದಾಗ ಗೆರೆಗಳು ದಾರಿ ಬಿಟ್ಟವು. ಕೆಲವು ಕಡೆ ಮೂರು ಡಿಗ್ರಿ ವ್ಯತ್ಯಾಸ.

ಇಲ್ಲಿ ನಿಂತು ಯೋಚಿಸಬೇಕು. ಅರ್ಧ ನಿಮಿಷದ ಮುಂದಿನದನ್ನು ಹೇಳುವುದು ಸುಲಭ. "ಈಗ ಎಷ್ಟಿದೆಯೋ ಆಗಲೂ ಅಷ್ಟೇ" ಅಂದುಬಿಟ್ಟರೆ ನೂರಕ್ಕೆ ತೊಂಬತ್ತು ಪಾಲು ಸರಿಯಾಗಿಯೇ ಇರುತ್ತದೆ! ಪೆಟ್ಟಿಗೆ ಅಷ್ಟು ನಿಧಾನ. ಹಾಗಾಗಿ ಒಂದು ಹೆಜ್ಜೆಯ ಭವಿಷ್ಯ ತೋರಿಸಿ ಯಾರಾದರೂ 99 ಪರ್ಸೆಂಟ್ ಅಂದರೆ ನಾನು ಈಗ ನಂಬುವುದಿಲ್ಲ. ಬರೀ ಇನ್‌ಪುಟ್, ಅಂದರೆ ಇಲ್ಲಿ ಬಲ್ಬಿನ ಪಟ್ಟಿ, ಕೊಟ್ಟು ಇಡೀ ದಿನ ಓಡಿಸಿ ತೋರಿಸಿ ಅನ್ನುತ್ತೇನೆ. ಕಲಿಸುವವರು ಇದನ್ನು ಮೊದಲ ದಿನವೇ ಹೇಳಬೇಕು, ಹೇಳುವುದು ಕಡಿಮೆ.

ತಪ್ಪು ಎಲ್ಲಿಂದ ಬಂತು? ನನ್ನ ಸೆನ್ಸರ್ ಡಿಎಸ್18ಬಿ20. ಅದರ ಒಂದು ಮೆಟ್ಟಿಲು 0.0625 ಡಿಗ್ರಿ, ಅದಕ್ಕಿಂತ ಸಣ್ಣದನ್ನು ಅದು ನೋಡುವುದಿಲ್ಲ. ಈ ಸಣ್ಣ ಒರಟುತನ ಹಿಂದಿನ ಉಷ್ಣತೆಗಳ ಮೂಲಕ ಸಮೀಕರಣದ ಎರಡೂ ಕಡೆ ನುಸುಳುತ್ತದೆ, ಲೀಸ್ಟ್ ಸ್ಕ್ವೇರ್ಸ್ ಅದನ್ನು ಪೆಟ್ಟಿಗೆಯ ಸ್ವಭಾವ ಅಂದುಕೊಂಡು ಗುಣಕಗಳನ್ನು ಸ್ವಲ್ಪ ಎಳೆಯುತ್ತದೆ. ಎಷ್ಟು ಜಾಸ್ತಿ ಡೇಟಾ ಕೊಟ್ಟರೂ ಈ ಎಳೆತ ಹೋಗುವುದಿಲ್ಲ. ಸ್ವಲ್ಪ ಅಂದೆ ಅಲ್ವಾ, ಎಷ್ಟು ಸ್ವಲ್ಪ ಅಂತ ನೋಡಿ. ಕೊನೆಗೆ ನಾನು ನಂಬಿದ ಮಾಡೆಲ್ ಹೀಗಿತ್ತು:

ಈಗಿನ ಉಷ್ಣತೆ = 1.766 × (ಅರ್ಧ ನಿಮಿಷದ ಹಿಂದಿನದು) − 0.769 × (ಒಂದು ನಿಮಿಷದ ಹಿಂದಿನದು) + 0.09 × (ಬಲ್ಬ್) + 0.003 × (ಕೋಣೆಯ ಉಷ್ಣತೆ)

ಬಲ್ಬ್ ಉರಿದರೆ 1, ಇಲ್ಲದಿದ್ದರೆ 0. ಈ ಸಮೀಕರಣ ಬಿಡಿಸಿದರೆ ಎರಡು ಟೈಮ್ ಕಾನ್‌ಸ್ಟಂಟ್ ಸಿಗುತ್ತವೆ, ಅಂದರೆ ಆಗಬೇಕಾದ ಬದಲಾವಣೆಯ ಸುಮಾರು ಮೂರನೇ ಎರಡು ಪಾಲು ಆಗಲು ಹಿಡಿಯುವ ಹೊತ್ತು. ಒಂದು 2 ನಿಮಿಷದ್ದು, ಅದು ಬಲ್ಬಿನ ಗಾಜು, ಒಳಗಿನ ಗಾಳಿ, ಸೆನ್ಸರಿನ ಉಕ್ಕಿನ ಕವಚ ಇವೆಲ್ಲ ಬಿಸಿಯಾಗುವ ವೇಗ. ಇನ್ನೊಂದು 36 ನಿಮಿಷದ್ದು, ಅದು ನೀರು, ಜಾಲರಿ, ಗೋಡೆಯದ್ದು. ಈಗ 0.769 ಇರುವ ಕಡೆ 0.771 ಹಾಕಿ ನೋಡಿ. ಎರಡು ಸಾವಿರಾಂಶದ ವ್ಯತ್ಯಾಸ. 36 ನಿಮಿಷ ಇದ್ದದ್ದು 21 ನಿಮಿಷಕ್ಕೆ ಕುಸಿಯುತ್ತದೆ! ಚಿಕ್ಕಪ್ಪನಿಗೆ ಕೊಡುವ ಉತ್ತರ ಹೆಚ್ಚುಕಡಿಮೆ ಅರ್ಧ ಆಗಿಬಿಡುತ್ತದೆ. ಬೇಗ ಬೇಗ ಅಳೆದಷ್ಟೂ ಒಳ್ಳೆಯದು ಅಂದುಕೊಳ್ಳುವವರು ಇದನ್ನು ಲೆಕ್ಕ ಮಾಡಿ ನೋಡಬೇಕು. ಪೆಟ್ಟಿಗೆಯ ನಿಧಾನಕ್ಕೆ ಹೋಲಿಸಿದರೆ ತೀರಾ ಬೇಗ ಅಳೆದಾಗ ಪಕ್ಕಪಕ್ಕದ ಅಳತೆಗಳು ಒಂದೇ ಥರ ಕಾಣುತ್ತವೆ, ಇಡೀ ಕಥೆ ಮೂರನೇ ದಶಮಾಂಶದಲ್ಲಿ ಅಡಗಿ ಕೂರುತ್ತದೆ.

ಪರಿಹಾರ ಸರಳವಾದದ್ದು. ಒಂದು ಹೆಜ್ಜೆಯ ತಪ್ಪನ್ನು ಕಡಿಮೆ ಮಾಡುವ ಬದಲು ಇಡೀ ಆರು ಗಂಟೆ ಬರೀ ಬಲ್ಬಿನ ಪಟ್ಟಿಯಿಂದ ಓಡಿಸಿದಾಗ ಬರುವ ತಪ್ಪನ್ನೇ ಕಡಿಮೆ ಮಾಡುವುದು. ಔಟ್‌ಪುಟ್ ಎರರ್ ಅನ್ನುತ್ತಾರೆ. ಒಂದು ಸಾಲಿನಲ್ಲಿ ಮುಗಿಯುವುದಿಲ್ಲ, ಕಂಪ್ಯೂಟರ್ ಹುಡುಕುತ್ತಾ ಹೋಗಬೇಕು. ಲೀಸ್ಟ್ ಸ್ಕ್ವೇರ್ಸ್ ಕೊಟ್ಟ ಉತ್ತರದಿಂದ ಹುಡುಕಲು ಶುರು ಮಾಡಿದರೆ ಬೇಗ ಸಿಗುತ್ತದೆ. ತಪ್ಪಿಗೂ ಒಂದು ಸ್ವಭಾವ ಇದೆ, ಅದಕ್ಕೂ ಮಾಡೆಲ್ ಹಾಕಬೇಕು ಅಂತ 1965ರಲ್ಲೇ ಹೇಳಿದವರು ಇದೇ ಓಸ್ಟ್ರೋಮ್ ಮತ್ತು ಟೋರ್ಸ್ಟನ್ ಬೋಲಿನ್. ಅವರ ಮುಂದಿದ್ದದ್ದು ಸ್ವೀಡನ್ನಿನ ಬಿಲೆರುಡ್ ಕಂಪನಿಯ ಕಾಗದದ ಯಂತ್ರ. ಕಾಗದದ ತೂಕವೂ ತೇವವೂ ಏರುಪೇರಾಗುತ್ತಿದ್ದವು, ಅದನ್ನು ಕಂಪ್ಯೂಟರಿನಿಂದ ಹತೋಟಿಗೆ ತರಬೇಕಿತ್ತು, ಅದಕ್ಕೆ ಮೊದಲು ಯಂತ್ರದ ಮಾಡೆಲ್ ಬೇಕಿತ್ತು. ಅವರು ಏರುಪೇರನ್ನು ಕಸ ಅಂತ ಎಸೆಯಲಿಲ್ಲ. ಅದು ಹೇಗೆ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅದನ್ನೂ ಅಂದಾಜು ಮಾಡಿದರು. ಇವತ್ತು ನಾವು ಬಳಸುವ ಎಷ್ಟೋ ವಿಧಾನಗಳ ಬೇರು ಆ ಕಾಗದದ ಕಾರ್ಖಾನೆಯಲ್ಲಿದೆ.

ಮೇಲಿನ ಸಮೀಕರಣದ ಕೊನೆಯ ಪದ ನೋಡಿ, ಕೋಣೆಯ ಉಷ್ಣತೆ. ಮೊದಲ ಸಲ ಅದನ್ನು ಹಾಕಿರಲಿಲ್ಲ. ಬೆಳಿಗ್ಗೆ 22 ಇದ್ದ ಕೋಣೆ ಮಧ್ಯಾಹ್ನ 28 ಆಗಿತ್ತು, ಆ ಆರು ಡಿಗ್ರಿಯ ಪುಣ್ಯವನ್ನೆಲ್ಲ ಮಾಡೆಲ್ ಬಲ್ಬಿನ ಲೆಕ್ಕಕ್ಕೆ ಹಾಕಿತ್ತು. ಪೆಟ್ಟಿಗೆಯ ಹೊರಗೆ ಇನ್ನೊಂದು ಸೆನ್ಸರ್ ಕಟ್ಟಿದ ಮೇಲೆ ಸರಿಹೋಯಿತು. ಇದರಿಂದ ಒಂದು ಒಳ್ಳೆಯ ಪರೀಕ್ಷೆಯೂ ಸಿಕ್ಕಿತು. ಕೋಣೆ ಒಂದು ಡಿಗ್ರಿ ಬೆಚ್ಚಗಾಗಿ ಹಾಗೇ ನಿಂತರೆ ಪೆಟ್ಟಿಗೆಯೂ ಕೊನೆಗೆ ಸರಿಯಾಗಿ ಒಂದು ಡಿಗ್ರಿ ಬೆಚ್ಚಗಾಗಬೇಕು. ಡೇಟಾ ಏನೇ ಹೇಳಲಿ, ಇದು ಬದಲಾಗುವಂತಿಲ್ಲ. ನಾನು ಆ ಗುಣಕವನ್ನು ಬಿಗಿ ಮಾಡಿರಲಿಲ್ಲ, ಡೇಟಾ ತಾನೇ ಹೇಳಲಿ ಅಂತ ಬಿಟ್ಟಿದ್ದೆ. ಒಂದು ನಿಮಿಷ ಕೂತು ಲೆಕ್ಕ ಹಾಕಿದೆ. 1ರಿಂದ 1.766 ಕಳೆದು 0.769 ಕೂಡಿಸಿದರೆ 0.003. ಕೋಣೆಯ ಗುಣಕವೂ 0.003. ಭಾಗಿಸಿದರೆ ಒಂದು. ಆ ಕ್ಷಣದಲ್ಲಿ ಆದ ಸಂತೋಷ ಈಗಲೂ ನೆನಪಿದೆ. ಅಂಕಿಗಳ ರಾಶಿಯೊಳಗಿಂದ ನಿಸರ್ಗದ ಒಂದು ನಿಯಮ ತಾನಾಗಿಯೇ ಎದ್ದು ಬಂದಿತ್ತು. ಅದೇ ಲೆಕ್ಕದಲ್ಲಿ 0.09ನ್ನು 0.003ರಿಂದ ಭಾಗಿಸಿದರೆ 30. ಬಲ್ಬನ್ನು ಆರಿಸದೆ ಬಿಟ್ಟರೆ ಪೆಟ್ಟಿಗೆ ಕೋಣೆಗಿಂತ 30 ಡಿಗ್ರಿ ಮೇಲೆ ಹೋಗಿ ನಿಲ್ಲುತ್ತದೆ. 60 ವ್ಯಾಟಿಗೆ 30 ಡಿಗ್ರಿ, ಅಂದರೆ ಪ್ರತಿ ಡಿಗ್ರಿಗೆ ಎರಡು ವ್ಯಾಟ್ ಸೋರಿಕೆ. ಮೊದಲು ಹಾಳೆಯ ಮೇಲೆ ಊಹೆ ಮಾಡಲು ಆಗದೆ ಬಿಟ್ಟಿದ್ದೆನಲ್ಲ, ಸಂದಿ, ತೂತು, ಆವಿ, ಎಲ್ಲ ಸೇರಿ ಅದೇ ಸಂಖ್ಯೆ.

ಇದು ಖಾಲಿ ಪೆಟ್ಟಿಗೆ. ಮೊಟ್ಟೆ ತುಂಬಿದ್ದು ಬೇರೆ. ಕಾವಿನ ಮೊಟ್ಟೆ ಇಟ್ಟು ಈ ಆಟ ಆಡಲು ಆಗುವುದಿಲ್ಲ, ಬಲ್ಬಿನ ಪಟ್ಟಿ ಓಡಿದರೆ ಒಳಗೆ 42 ದಾಟುವ ಹೊತ್ತೂ ಬರುತ್ತದೆ. ಅಂಗಡಿಯಿಂದ ಒಂದು ಟ್ರೇ ಫಾರಂ ಮೊಟ್ಟೆ ತಂದೆ. ಮೂವತ್ತು. ತೂಕ ಹೆಚ್ಚುಕಡಿಮೆ ಅದೇ, ಒಳಗಿನ ನೀರಿನಂಶವೂ ಅದೇ. ಈ ಸಲ ಹೆಜ್ಜೆಗೆ ಆರು ನಿಮಿಷ ಕೊಟ್ಟೆ. ಪೆಟ್ಟಿಗೆ ಇನ್ನೂ ನಿಧಾನವಾಗಿರುತ್ತದೆ, ಪ್ರಶ್ನೆಯೂ ನಿಧಾನವಾಗಬೇಕು. ಸಂಜೆ ಏಳಕ್ಕೆ ಶುರು ಮಾಡಿದ್ದು ಬೆಳಿಗ್ಗೆ ಎಂಟರ ಹತ್ತಿರ ಮುಗಿಯಿತು. ನಿಧಾನದ ಟೈಮ್ ಕಾನ್‌ಸ್ಟಂಟ್ 36ರಿಂದ 82 ನಿಮಿಷಕ್ಕೆ ಹೋಯಿತು. ಮೊಟ್ಟೆಗಳೇ ಶಾಖದ ಉಗ್ರಾಣ. ಆ ಮೊಟ್ಟೆಗಳನ್ನು ಆವತ್ತೇ ಬೇಯಿಸಿ ಸಾರು ಮಾಡಿದೆವು.

ಮೊಟ್ಟೆ ಇಟ್ಟ ಮೇಲೆ ಹಿಂದಿನ ಎರಡು ಉಷ್ಣತೆ ಸಾಕೋ, ಮೂರು ಬೇಕೋ, ನಾಲ್ಕೋ? ಪದ ಸೇರಿಸಿದಷ್ಟೂ ಆ ದಿನದ ಡೇಟಾಕ್ಕೆ ಮಾಡೆಲ್ ಇನ್ನೂ ಚೆನ್ನಾಗಿ ಹೊಂದುತ್ತದೆ, ಅದು ಖಚಿತ. ಅದಕ್ಕೇ ಆ ಹೊಂದಾಣಿಕೆಗೆ ಬೆಲೆ ಇಲ್ಲ. ನಾನು ಮಾಡಿದ್ದು, ಇನ್ನೊಂದು ಟ್ರೇ ತಂದು ಇನ್ನೊಂದು ರಾತ್ರಿ ಬೇರೆ ಪಟ್ಟಿ ಓಡಿಸಿ, ಮೊದಲ ರಾತ್ರಿಯ ಮಾಡೆಲ್ ಎರಡನೇ ರಾತ್ರಿಯನ್ನು ಹೇಗೆ ಹೇಳುತ್ತದೆ ಅಂತ ನೋಡಿದ್ದು. ಮೂರರವರೆಗೆ ಸುಧಾರಿಸಿತು, ನಾಲ್ಕಕ್ಕೆ ಹಾಗೇ ನಿಂತಿತು, ಐದಕ್ಕೆ ಕೆಟ್ಟಿತು. ಎರಡನೇ ರಾತ್ರಿ ಇಲ್ಲದವರಿಗೆ ಜಪಾನಿನ ಸಂಖ್ಯಾಶಾಸ್ತ್ರಜ್ಞ ಹಿರೋತುಗು ಅಕೈಕೆ 1970ರ ದಶಕದ ಮೊದಲಲ್ಲಿ ಕೊಟ್ಟ ಅಳತೆಗೋಲು ಇದೆ, ಪದ ಸೇರಿಸಿದ್ದಕ್ಕೆ ದಂಡ ಹಾಕುತ್ತದೆ. ಅವರಿಗೂ ಆ ಪ್ರಶ್ನೆ ಎದುರಾದದ್ದು ಸಿಮೆಂಟ್ ಗೂಡಿನ ಹತೋಟಿಯ ಕೆಲಸದಲ್ಲಿ. ಇನ್ನೊಂದು ರಾತ್ರಿ ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ಮಾಡೆಲ್ ಹಿಡಿದು ಹೊಸ ಕಂಟ್ರೋಲರ್ ಮಾಡಿ, ಬಲ್ಬನ್ನು ಎಷ್ಟು ಪಾಲು ಹೊತ್ತು ಉರಿಸಬೇಕು ಅಂತ ಲೆಕ್ಕ ಹಾಕಿ ಉರಿಸುವಂತೆ ಬದಲಿಸಿ ಊರಿಗೆ ಒಯ್ದೆ. ಅಲ್ಲಿ ಮೊದಲ ದಿನವೇ ಲೆಕ್ಕ ತಪ್ಪಿತು. ಬೆಳಿಗ್ಗೆ ಕೆಲವು ಗಂಟೆ ಬಲ್ಬ್ ಸೋತಂತೆ ಉರಿಯುತ್ತಿತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಹೊತ್ತು ಅದು, ಸುತ್ತಲಿನ ಬೋರ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಮೀಟರ್ ಇಟ್ಟು ನೋಡಿದರೆ 190 ವೋಲ್ಟ್. ತಂತಿ ಬಲ್ಬಿಗೆ ವೋಲ್ಟೇಜ್ ಇಷ್ಟು ಇಳಿದರೆ ವಿದ್ಯುತ್ ಕಾಲು ಭಾಗ ಕಡಿಮೆಯಾಗುತ್ತದೆ. ನನ್ನ 30 ಡಿಗ್ರಿ ಅಲ್ಲಿ 22ಕ್ಕೆ ಬಂದಿತ್ತು. ಇನ್‌ಪುಟ್ ಅಂತ ನಾನು ಬರೆದಿಟ್ಟುಕೊಂಡಿದ್ದು ಬೋರ್ಡ್ ಕೊಟ್ಟ ಆಜ್ಞೆಯನ್ನು, ಬಲ್ಬಿಗೆ ನಿಜವಾಗಿ ಹೋದದ್ದು ಬೇರೆ. ಬೆಂಗಳೂರಿನಲ್ಲಿ ಎರಡೂ ಒಂದೇ ಇದ್ದದ್ದರಿಂದ ಗೊತ್ತಾಗಿರಲಿಲ್ಲ. ವೋಲ್ಟೇಜ್ ಅಳೆಯುವ ಪುಟ್ಟ ಮಾಡ್ಯೂಲ್ ಸೇರಿಸಿ, ಇನ್‌ಪುಟ್ ಕಾಲಮ್ಮಿನಲ್ಲಿ ವ್ಯಾಟನ್ನೇ ಬರೆಯತೊಡಗಿದೆ.

ಆಮೇಲೆ ಜವಾರಿ ಮೊಟ್ಟೆ ಇಟ್ಟೆವು. ಈಗ ಪೆಟ್ಟಿಗೆಯನ್ನು ಹತೋಟಿ ತಪ್ಪಿಸುವ ಹಾಗಿಲ್ಲ, ಆದರೂ ಮಾಡೆಲ್ ಸರಿಯಿದೆಯೇ ಅಂತ ನೋಡುತ್ತಿರಬೇಕು, ಮೊಟ್ಟೆಯ ನೀರಿನಂಶ ದಿನ ಕಳೆದಂತೆ ಕಡಿಮೆಯಾಗುತ್ತದೆ, ಮರಿ ಬೆಳೆದಂತೆ ಅದೇ ಸ್ವಲ್ಪ ಶಾಖ ಕೊಡುತ್ತದೆ. ಈ ಕಷ್ಟ ಬೆಂಗಳೂರಿನಲ್ಲೇ ಹಾರಲು ಕಲಿತ ತೇಜಸ್ ವಿಮಾನದ್ದೂ ಹೌದು. ಅದರ ವಿನ್ಯಾಸವೇ ಅಸ್ಥಿರ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹಿಡಿದಿರುವುದರಿಂದ ಹಾರುತ್ತದೆ. ಕಂಪ್ಯೂಟರ್ ಆರಿಸಿ ಪ್ರಯೋಗ ಮಾಡಲು ಸಾಧ್ಯವೇ ಇಲ್ಲ. ಇಂಥ ಕಡೆ ಹತೋಟಿಯನ್ನು ಹಾಗೇ ಇಟ್ಟು, ಅದರ ಮೇಲೆ ನಾವು ಬೇಕೆಂದೇ ಒಂದು ಸಣ್ಣ ಅಲುಗಾಟ ಸೇರಿಸಬೇಕು. ನಾನೂ ಹಾಗೇ ಮಾಡಿದೆ. 37.5ರ ಗುರಿಯನ್ನು ಅದೇ ಪಿಆರ್‌ಬಿಎಸ್ ಪಟ್ಟಿಯಂತೆ 37.4ಕ್ಕೂ 37.6ಕ್ಕೂ ಸರಿಸುತ್ತಾ ಹೋದೆ. ಮೊಟ್ಟೆಗೆ ಅದು ಏನೂ ಅಲ್ಲ. ಪಟ್ಟಿ ನಮ್ಮದು, ಕೋಣೆಗೂ ಮೊಟ್ಟೆಗೂ ಅದಕ್ಕೂ ಸಂಬಂಧ ಇಲ್ಲ, ಹಾಗಾಗಿ ಪಟ್ಟಿಯ ಲಯದಲ್ಲಿ ಕುಣಿದದ್ದೆಲ್ಲ ಪೆಟ್ಟಿಗೆಯ ಮಾತು. ಮೂರು ದಿನದ ಥರ್ಮೋಸ್ಟ್ಯಾಟ್ ಡೇಟಾ ಹೇಳದೆ ಹೋದದ್ದನ್ನು ಈ 0.2 ಡಿಗ್ರಿಯ ಅಲುಗಾಟ ಎರಡು ದಿನದಲ್ಲಿ ಹೇಳಿತು.

ಈಗ ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇತ್ತು. ಕೋಣೆ 22 ಇದ್ದ ರಾತ್ರಿ ಕರೆಂಟ್ ಹೋದರೆ ಪೆಟ್ಟಿಗೆ 37.5ರಿಂದ, ನಾನು ಗಡಿ ಅಂತ ಇಟ್ಟುಕೊಂಡ 32ಕ್ಕೆ ಇಳಿಯಲು 34 ನಿಮಿಷ. ಅವರಿಗೆ ಹೇಳಿದೆ, ಅರ್ಧ ಗಂಟೆ ದಾಟಿದರೆ ಮೇಲೆ ಕಂಬಳಿ ಹೊದಿಸಿ ಅಂತ.

ಹನ್ನೆರಡನೇ ರಾತ್ರಿ ಕರೆಂಟ್ ಹೋಯಿತು. ಬೋರ್ಡಿಗೆ ಪವರ್ ಬ್ಯಾಂಕ್ ಇದ್ದದ್ದರಿಂದ ಅಳತೆ ನಿಲ್ಲಲಿಲ್ಲ. ಬೆಳಿಗ್ಗೆ ಡೇಟಾ ನೋಡಿದೆ. 32ಕ್ಕೆ ಇಳಿಯಲು 47 ನಿಮಿಷ ಹಿಡಿದಿತ್ತು.

ಹೆಚ್ಚು ಹೊತ್ತು ತಡೆದಿದ್ದು ಒಳ್ಳೆಯದೇ, ಆದರೆ ನನ್ನ ಮಾಡೆಲ್ ಹದಿಮೂರು ನಿಮಿಷ ತಪ್ಪಿತ್ತು, ಬೇರೆ ಯಾವ ಪರೀಕ್ಷೆಯಲ್ಲೂ ಅಷ್ಟು ತಪ್ಪಿರಲಿಲ್ಲ. ಗ್ರಾಫ್ ನೋಡುತ್ತಾ ಕೂತೆ. ಚಿಕ್ಕಪ್ಪ ಪಕ್ಕದಲ್ಲಿ ಚಾ ಕುಡಿಯುತ್ತಿದ್ದರು. ಏನಾತು ಅಂದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಪೆಟ್ಟಿಗೆ ನೋಡಿ, "ಕರೆಂಟ್ ಹೋದಾಗ ಫ್ಯಾನೂ ನಿಂತಿರ್ತೈತಲ್ಲೋ?" ಅಂದರು.

ಹೌದು. ಫ್ಯಾನು ನಿಂತಿತ್ತು. ಗಾಳಿ ತಿರುಗದಿದ್ದರೆ ತೂತುಗಳಲ್ಲಿ ಸೋರುವುದು ಕಡಿಮೆ, ಮೊಟ್ಟೆಯಿಂದ ಗಾಳಿಗೆ ಶಾಖ ದಾಟುವುದೂ ನಿಧಾನ, ಮೇಲಿನ ಗಾಳಿ ಬೆಚ್ಚಗೆ ಕೆಳಗಿನದು ತಣ್ಣಗೆ ಆಗಿ ನನ್ನ ಒಂದು ಸೆನ್ಸರ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಾನು ಇಷ್ಟೂ ದಿನ ಅಳೆದದ್ದೆಲ್ಲ ಫ್ಯಾನು ತಿರುಗುತ್ತಿದ್ದ ಪೆಟ್ಟಿಗೆಯನ್ನು. ಅವರು ಕೇಳಿದ್ದು ಫ್ಯಾನು ನಿಂತ ಪೆಟ್ಟಿಗೆಯ ಬಗ್ಗೆ.

ಈ ಸಲದ ಮರಿಗಳು ಹೊರಬಂದ ಮೇಲೆ ಪೆಟ್ಟಿಗೆ ಖಾಲಿಯಾಗುತ್ತದೆ. ಆಗ ಮತ್ತೆ ಒಂದು ಟ್ರೇ ಫಾರಂ ಮೊಟ್ಟೆ ಇಟ್ಟು, ಜಾಲರಿಯ ಕೆಳಗೊಂದು ಮೇಲೊಂದು ಸೆನ್ಸರ್ ಕಟ್ಟಿ, ಫ್ಯಾನಿನ ವೈರ್ ಕಿತ್ತು ಇಡೀ ರಾತ್ರಿ ಪಟ್ಟಿ ಓಡಿಸಬೇಕು.